ಅತ್ತಿಗೆ ಕೂರಿಸಿದ ಗೂಬೆ

ಫೋಟೊ ಸ್ಟುಡಿಯೋ ನಡೆಸುವ ಅತ್ತಿಗೆಗೆ ಮೈದುನನ ಕ್ಯಾಮೆರಾ ಕಂಡರೆ ಮೈಯೆಲ್ಲ ಉರಿ. ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಮೈದುನ ಹಲ್ಲಿನ ಡಾಕ್ಟರು. ಬಿಸಿಲು ಇಳಿಯುತ್ತಲೇ ಕಂಡವರ ಹಲ್ಲು ಕೀಳುವುದನ್ನು ನಿಲ್ಲಿಸಿ, ಒನಕೆಯಂಥ ಲೆನ್ಸನ್ನು ಹೆಗಲಿಗೇರಿಸಿಕೊಂಡು ಊರಾಚೆಯ ಪಾಳು ಕಲ್ಲುಗಣಿಗೆ ಹೊರಟುಬಿಡುತ್ತಿದ್ದ. ಅಲ್ಲಿನ ಒಣಮರದ ಪೊಟರೆಯಲ್ಲಿ ಗೂಬೆಯಿದೆ ಎಂದು ಯಾರೋ ಕಿವಿಗೆ ಊದಿದ್ದರು. ಗೂಬೆ ಮಾತ್ರ ಒಂದು ದಿನವೂ ಮುಖ ತೋರಿಸಿರಲಿಲ್ಲ. ಆದರೂ ಊಟಕ್ಕೆ ಕೂತರೆ ಸಾಕು, ಸ್ಟುಡಿಯೋದಲ್ಲಿ ಯಾರು ಬೇಕಾದರೂ ಫೋಟೊ ತೆಗೆದಾರು, ಕಾಡುಜೀವಕ್ಕೆ ತಾಳ್ಮೆ ಬೇಕು ಎಂದು ಉಪದೇಶ ಶುರುಮಾಡುತ್ತಿದ್ದ.

ಅತ್ತಿಗೆ ಕೇಳುವಷ್ಟು ಕೇಳಿದಳು. ಒಂದು ಮಧ್ಯಾಹ್ನ ಸ್ಟುಡಿಯೋ ಬಾಗಿಲು ಎಳೆದುಕೊಂಡು ಗಂಡನ ಹಳೆಯ ಕಂದು ಸ್ವೆಟರ್ ಕತ್ತರಿಸಿದಳು, ಹತ್ತಿ ತುಂಬಿದಳು, ಕಣ್ಣಿನ ಜಾಗಕ್ಕೆ ಎರಡು ಹಳದಿ ಗುಂಡಿ ಹೊಲಿದಳು. ಕೊಕ್ಕು ತುಸು ಸೊಟ್ಟಗಾಯಿತು. ಅದನ್ನು ನೋಡಿದ ಗಂಡ, ಥೇಟ್ ನಮ್ಮತ್ತೆ ಎಂದು ಬಾಯಿ ಜಾರಿದ. ಆ ತಪ್ಪಿಗೆ ಅವನೇ ಕಲ್ಲುಗಣಿಗೆ ಏಣಿ ಹೊತ್ತು, ಗೂಬೆ ಬೊಂಬೆಯನ್ನು ಒಣಮರದ ಮೇಲೆ ಕೂರಿಸಬೇಕಾಯಿತು.

ಅಂದು ಸಂಜೆ ಗಂಡ ಹೆಂಡತಿ ಬಂಡೆಯ ಮರೆಯಲ್ಲಿ ಕೂತು ನೋಡಿದರು. ಮೈದುನ ಬಂದ. ಪೊಟರೆಯ ಪಕ್ಕದ ಕೊಂಬೆಯತ್ತ ನೋಡಿ ಗಕ್ಕನೆ ನಿಂತ. ಆಮೇಲೆ ನೆಲಕ್ಕೆ ಕವುಚಿಕೊಂಡು ಮೊಣಕೈ ಮೇಲೆ ತೆವಳತೊಡಗಿದ. ನಗು ತಡೆಯಲಾರದೆ ಇಬ್ಬರೂ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಅಲ್ಲಿಂದ ಜಾರಿಕೊಂಡರು.

ಅವತ್ತು ಊಟದ ಹೊತ್ತಿಗೆ ಮೈದುನನ ಮುಖ ಅರಳಿತ್ತು.

"ಎಂಥಾ ಶಾಂತ ಸ್ವಭಾವ ಅಂತೀರಿ ಅತ್ತಿಗೆ, ರೆಪ್ಪೆ ಕೂಡ ಬಡಿಯಲ್ಲ."

"ಒಳ್ಳೆ ಮನೆತನದ್ದಿರಬೇಕು ಬಿಡು," ಎಂದಳು ಅತ್ತಿಗೆ, ತಟ್ಟೆಯಿಂದ ತಲೆಯೆತ್ತದೆ.

ವಾರವಿಡೀ ಅವನು ತಪ್ಪದೆ ಹೋದ. ಕೊನೆಗೆ ದೊಡ್ಡ ಪ್ರಿಂಟ್ ಹಾಕಿಕೊಡಿ ಎಂದು ಸ್ಟುಡಿಯೋಗೇ ಬಂದ. ಅವನ ಮಾನ ಹರಾಜು ಹಾಕಲು ಅತ್ತಿಗೆ ಸಜ್ಜಾಗಿಯೇ ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದಳು. ತೆರೆದವಳು ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಮುಂದುಗಡೆ ಏನೋ ಕಂದು ಬಣ್ಣದ್ದು ಮಸುಕು ಮಸುಕಾಗಿತ್ತು. ಅದರ ಹಿಂದೆ, ಪೊಟರೆಯ ಬಾಯಲ್ಲಿ, ರೆಕ್ಕೆ ಅಗಲಿಸಿ, ಗರಿ ಉಬ್ಬಿಸಿ, ಕೆಂಡದಂಥ ಕಣ್ಣು ಬಿಟ್ಟುಕೊಂಡು ನಿಜವಾದ ಗೂಬೆ ನಿಂತಿತ್ತು. ಒಂದೊಂದು ಗರಿಯನ್ನೂ ಎಣಿಸಬಹುದಿತ್ತು.

"ಮೊದಲ ದಿನವೇ ಗೊತ್ತಾಯ್ತು," ಎಂದ ಮೈದುನ. "ನಾಲ್ಕು ತೂತಿನ ಕಣ್ಣು ಯಾವ ಗೂಬೆಗಿರುತ್ತೆ? ಕಿತ್ತು ತಂದು ನಿಮ್ಮ ತಟ್ಟೆ ಪಕ್ಕ ಇಡೋಣ ಅಂತಿದ್ದೆ. ನೀವಿಬ್ರೂ ಬಗ್ಗಿಕೊಂಡು ಹೋದ್ರಲ್ಲ, ಆಮೇಲೆ ಪೊಟರೆಯಿಂದ ಆ ಮನೆ ಯಜಮಾನ ಹೊರಗೆ ಬಂದ."

ಬಾಗಿಲಲ್ಲಿ ಯಾರೋ ಬಂದು ಕೂತದ್ದು ಕಂಡು ಗೂಬೆಗೆ ರೇಗಿತ್ತಂತೆ. ಅಂದಿನಿಂದ ದಿನಾ ಸಂಜೆ ಹೊರಬಂದು ಬೊಂಬೆಯ ಮೇಲೆ ಹಾರಾಡುತ್ತಿತ್ತು. ಇವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಬೇಟೆಗೆ ಹೋಗುವ ಹೊತ್ತೆಲ್ಲ ಜಗಳದಲ್ಲೇ ಕಳೆದುಹೋಗುತ್ತಿದೆ, ಪಾಪ ಉಪವಾಸ ಬಿದ್ದೀತು, ಇವತ್ತೇ ಬೊಂಬೆ ಇಳಿಸಿಬಿಡಿ ಎಂದ.

ಅತ್ತಿಗೆ ಸೋತದ್ದನ್ನು ಒಪ್ಪಲಿಲ್ಲ, ಆದರೆ ಸಂಜೆಗೂ ಮೊದಲೇ ಏಣಿ ಹತ್ತಿದಳು. ಬೊಂಬೆಯನ್ನು ಕಂಕುಳಲ್ಲಿ ಅವುಚಿಕೊಂಡು ದೂರ ಬಂದು ಮೈದುನನ ಪಕ್ಕ ಕೂತಳು. ಬೆಳಕು ಮಾಸುವ ಹೊತ್ತಿಗೆ ಪೊಟರೆಯಿಂದ ದುಂಡು ತಲೆಯೊಂದು ಇಣುಕಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ವೈರಿ ತೊಲಗಿದ್ದು ಖಾತ್ರಿಯಾದ ಮೇಲೆ ಕೊಂಬೆಗೆ ಬಂದು ಆರಾಮಾಗಿ ಗರಿ ತೀಡಿಕೊಳ್ಳತೊಡಗಿತು.

"ಕೊಡು ಇಲ್ಲಿ," ಎಂದು ಅತ್ತಿಗೆ ಪಿಸುಗುಟ್ಟಿ ಮೈದುನನ ಕೈಯಿಂದ ಕ್ಯಾಮೆರಾ ಕಸಿದುಕೊಂಡಳು. ಮನೆಗೆ ಹೋಗೋಣವೆಂದು ಅವನು ಎರಡು ಸಲ ಕೆಮ್ಮಿದರೂ ಅವಳು ಕಣ್ಣು ತೆಗೆಯಲಿಲ್ಲ.