ಗುಲಾಬಿ ಸಮೇತ ಮನ್ನಾ

ಮನ್ನಾ ಮಾಡುವುದಕ್ಕೂ ಇವರಿಗೆ ವೇದಿಕೆ ಬೇಕು, ಮೈಕು ಬೇಕು. ಶಿಕ್ಷೆ ಮುಗಿಸಿ ಬಂದವರ ಕೋರ್ಟಿನ ದಂಡ, ಖರ್ಚು ಎಲ್ಲ ಮನ್ನಾ ಎಂದು ಸರ್ಕಾರ ಹೇಳಿ ಎಷ್ಟೋ ತಿಂಗಳಾಗಿತ್ತು. ಒಂದು ಸಹಿ ಹಾಕಿದರೆ ಮುಗಿಯುವ ಕೆಲಸ. ಆದರೆ ದೊಡ್ಡ ಸಾಹೇಬರ ಕೈಯಿಂದಲೇ ಆಗಬೇಕಂತೆ, ಅವರಿಗೆ ಪುರುಸೊತ್ತಾಗಬೇಕಂತೆ.

ನನ್ನ ಅಣ್ಣ ಬಸ್ ಓಡಿಸುತ್ತಿದ್ದವನು. ಒಂದು ಹೊಡೆದಾಟದಲ್ಲಿ ಕೈ ಮಾಡಿದ. ತಪ್ಪೇ, ಅದಕ್ಕೆ ಜೈಲಿನಲ್ಲಿದ್ದು ಬಂದ. ಹೊರಗೆ ಬಂದರೆ, ಕೇಸಿನಲ್ಲಿ ಕಿತ್ತಿಟ್ಟುಕೊಂಡಿದ್ದ ಲೈಸೆನ್ಸನ್ನು ದಂಡ ಕಟ್ಟುವವರೆಗೆ ವಾಪಸ್ ಕೊಡುವುದಿಲ್ಲ ಎಂದರು ಕೋರ್ಟ್ ಕಚೇರಿಯವರು. ಲೈಸೆನ್ಸ್ ಇಲ್ಲದೆ ದುಡಿಯುವುದು ಹೇಗೆ, ದುಡಿಯದೆ ಕಟ್ಟುವುದು ಹೇಗೆ ಎಂದು ಯೋಚಿಸುವ ತಲೆ ಆ ಕಟ್ಟಡದಲ್ಲಿ ಒಂದೂ ಇರಲಿಲ್ಲ. ಈಗ ಒಬ್ಬ ಬಸ್ ಮಾಲೀಕ, ಸೋಮವಾರ ಲೈಸೆನ್ಸ್ ತಂದರೆ ಕೆಲಸ, ಇಲ್ಲದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಎಂದಿದ್ದ.

ಸಮಾರಂಭ ಶುಕ್ರವಾರ ಆಯಿತು. ಸಾಹೇಬರು ಕ್ಷಮೆಯ ಬಗ್ಗೆ ಚೆನ್ನಾಗಿ ಕೊರೆದರು. ಅಪ್ಪನ ಮನೆ ಗಂಟನ್ನೇ ಬಿಟ್ಟುಕೊಟ್ಟವರ ಹಾಗೆ ಎದೆ ಮುಟ್ಟಿಕೊಂಡರು. ಒಬ್ಬೊಬ್ಬರನ್ನೇ ಕರೆದು ಒಂದು ಗುಲಾಬಿ, ಒಂದು ಲಕೋಟೆ ಕೊಟ್ಟರು. ಫೋಟೋ ಸರಿಯಾಗಿ ಬರಲಿಲ್ಲವೆಂದು ಅಣ್ಣನನ್ನು ಮತ್ತೆ ಮೆಟ್ಟಿಲು ಹತ್ತಿಸಿದರು. ಎರಡನೇ ಸಲ ಕ್ಷಮಿಸುವಾಗ ಸಾಹೇಬರ ನಗು ಇನ್ನೂ ಅಗಲವಾಗಿತ್ತು.

ಕೆಳಗೆ ಬಂದ ಕೂಡಲೇ ಲಕೋಟೆ ಒಡೆದೆ. ಮನ್ನಾ ಪತ್ರ, ಲೈಸೆನ್ಸ್ ಎರಡೂ ಇದ್ದವು. ಲೈಸೆನ್ಸಿನ ಅವಧಿ ಮಾತ್ರ ಎರಡು ವರ್ಷದ ಹಿಂದೆಯೇ ಮುಗಿದಿತ್ತು.

ಅಣ್ಣನನ್ನು ಎಳೆದುಕೊಂಡು ಗುಮಾಸ್ತನ ಬಳಿ ಓಡಿದೆ. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಟೈಮಿಗೆ ಸರಿಯಾಗಿ ರಿನ್ಯೂ ಮಾಡಿಸ್ಕೋಬೇಕಿತ್ತಮ್ಮ."

"ನಿಮ್ಮ ಬೀರೂಲೇ ಇತ್ತಲ್ರೀ! ಏನನ್ನ ರಿನ್ಯೂ ಮಾಡಿಸೋದು, ಇವನ ಮುಖಾನಾ?"

"ಅದು ಬೇರೆ ಇಲಾಖೆ. ಹೊಸದಾಗಿ ಟೆಸ್ಟ್ ಕೊಡ್ಬೇಕು, ಒಂದೆರಡು ತಿಂಗಳು ಹಿಡಿಯುತ್ತೆ. ತಡ ಮಾಡಿದ್ದಕ್ಕೆ ದಂಡಾನೂ ಇದೆ. ಅದು ಈ ಮನ್ನಾಗೆ ಬರಲ್ಲ."

ಬಾಯಿಗೆ ಬಂದಂತೆ ಬೈಯಲು ಹೊರಟಿದ್ದೆ. ಅಷ್ಟರಲ್ಲಿ ಅಣ್ಣ ತಲೆ ತಗ್ಗಿಸಿ, "ಆಯ್ತು ಸಾರ್, ಥ್ಯಾಂಕ್ಸ್ ಸಾರ್" ಎಂದ. ಅಡ್ಡ ಬಂದ ಪೊಲೀಸ್ ಜೀಪಿಗೂ ಹಾರ್ನ್ ಹೊಡೆದು ಬೈಯುತ್ತಿದ್ದವನು! ಜೈಲಿನಲ್ಲಿಟ್ಟುಕೊಂಡು ಇವರು ಅವನಿಗೆ ಕಲಿಸಿದ್ದು ಅದೊಂದೇ. ಗುಮಾಸ್ತನ ಮುಖಕ್ಕೆ ಉಗಿಯಬೇಕೆನ್ನಿಸಿತು.

ಮನೆಗೆ ಬಸ್ಸಿನಲ್ಲಿ ಹೊರಟೆವು. ಅಣ್ಣ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ. ಸಾಹೇಬರ ಗುಲಾಬಿ ಬಲಗೈಯಲ್ಲಿತ್ತು. ಡ್ರೈವರ್ ಗೇರು ಬದಲಿಸಿದಾಗಲೆಲ್ಲ ಅವನ ಎಡಗೈ ತೊಡೆಯ ಮೇಲೆ ತಾನಾಗಿಯೇ ಆಡುತ್ತಿತ್ತು.