ಗೋಡೆಗಂಟಿದ ತುಂಡು

ಒಂದರ ಹಿಂದೊಂದು ಹಾರುವ ಜೋಡಿ ಉಪಗ್ರಹಗಳಲ್ಲಿ ಹಿಂದಿನದರ ಹೊಟ್ಟೆಯೊಳಗೆ ತೇಲಬೇಕಾಗಿದ್ದ ಲೋಹದ ತುಂಡು ಗೋಡೆಗೆ ಅಂಟಿ ಕೂತುಬಿಟ್ಟಿತ್ತು. ಮುಷ್ಟಿಯಲ್ಲಿ ಮುಚ್ಚಿಡಬಹುದಾದ ಪುಟ್ಟ ತುಂಡು. ಅದು ಎಲ್ಲೂ ತಾಗದೆ ತೇಲಿದರೆ ಮಾತ್ರ ಉಪಗ್ರಹವನ್ನು ಎಳೆಯುತ್ತಿರುವುದು ತೆಳುಗಾಳಿಯೋ ಭೂಮಿಯೋ ಎಂದು ತಿಳಿಯುತ್ತದೆ. ಇಲ್ಲದಿದ್ದರೆ ಭೂಮಿಯ ಸೆಳೆತದಿಂದ ಅಳೆಯುವ ಗ್ರೀನ್‌ಲ್ಯಾಂಡಿನ ಹಿಮದ ಲೆಕ್ಕವೆಲ್ಲ ಮಣ್ಣುಪಾಲು.

ಬ್ಯಾಟರಿಗೆ ವಯಸ್ಸಾಗಿದ್ದರಿಂದ ಉಪಗ್ರಹ ಭೂಮಿಯ ನೆರಳಿಗೆ ಬಂದಾಗಲೆಲ್ಲ ತುಂಡನ್ನು ತೇಲಿಸುವ ಉಪಕರಣವನ್ನು ಆರಿಸಿಡುತ್ತಿದ್ದರು. ಈ ಸಲ ಮತ್ತೆ ಹಚ್ಚಿದಾಗ ತುಂಡು ಮೇಲೇಳಲಿಲ್ಲ. ಬವೇರಿಯಾದ ನಿಯಂತ್ರಣ ಕೋಣೆಯಲ್ಲಿ ಅದನ್ನು ಮೊದಲಿನಿಂದಲೂ ಸಾಕಿದವಳು ಸ್ವಾಂಟ್ಯೆ. ಮುಖ್ಯಸ್ಥೆ ಒಟಿಲಿಯೆ ಕೊನೆಯ ಮಾತು ಹೇಳಿಯಾಗಿತ್ತು: ಈ ಮಧ್ಯಾಹ್ನದ ಸುತ್ತಿನಲ್ಲೂ ಏಳದಿದ್ದರೆ ಶಾಶ್ವತವಾಗಿ ಆರಿಸುವುದು, ಮುಂದಿನ ಉಪಗ್ರಹದ ಅಂಕಿಗಳನ್ನೇ ಹಿಂದಿನದಕ್ಕೂ ಹಚ್ಚುವುದು. ತಂಗಿಗೆ ಜ್ವರ ಬಂದರೆ ಅಕ್ಕನ ಹಣೆ ಮುಟ್ಟಿ ನೋಡುವ ಹಾಗಿನ ಏರ್ಪಾಡು. ಸ್ವಾಂಟ್ಯೆಗೆ ಅನ್ನಿಸಿದ್ದು ಇಷ್ಟೇ: ನನ್ನ ಕೂಸು ಸಾಯುತ್ತಿದೆ, ನಾನು ನೋಡುತ್ತ ಕೂತಿದ್ದೇನೆ.

ಪಕ್ಕದ ಮೇಜಿನ ಅಲೋಯಿಸ್ ಗ್ಯಾಸು ಚಿಮ್ಮಿಸಿ ಉಪಗ್ರಹವನ್ನು ನೆಟ್ಟಗೆ ನಿಲ್ಲಿಸುವವನು. ಅವನು ಚಿಮ್ಮಿಸಿದಾಗಲೆಲ್ಲ ಅವಳ ಪರದೆಯಲ್ಲಿ ತುಂಡಿನ ಚಲನೆ ತೋರಿಸುವ ಗೆರೆಯಲ್ಲಿ ಒಂದು ಮುಳ್ಳು ಏಳುತ್ತಿತ್ತು. ಮತ್ತೆ ಸೀನಿದಿರಾ ಮಹರಾಯರೇ ಎಂದು ಹಂಗಿಸುತ್ತ, ಆ ಮುಳ್ಳುಗಳನ್ನು ಅಳಿಸುವುದರಲ್ಲೇ ಅವಳು ವರ್ಷಗಳನ್ನು ಕಳೆದಿದ್ದಳು.

"ಅಲೋಯಿಸ್, ಒಂದ್ಸಲ ಸೀನಿಸೋ. ಆ ಅದುರಿಗಾದ್ರೂ ಬಿಡ್ಬಹುದು."

"ಸೀನ್ಬೇಡ ಸೀನ್ಬೇಡ ಅಂತ ನನ್ನ ಜೀವ ತಿಂದೋಳು ನೀನೇ ಅಲ್ವೇನೇ?" ಎಂದವನು ಅವಳ ಮುಖ ನೋಡಿ ನಗು ನುಂಗಿಕೊಂಡ. "ಗ್ಯಾಸು ತಳ ಕಂಡಿದೆ. ಒಂದು ಕೊಡ್ತೀನಿ. ಇನ್ನೊಂದು ಕೇಳ್ಬೇಡ."

ಒಟಿಲಿಯೆ ಆಗಲಿ ಎಂದು ತಲೆಯಾಡಿಸಿದಳು. ಅಲೋಯಿಸ್ ಅರ್ಧ ತಿಂದ ಪ್ರೆಟ್ಜೆಲ್ ಬ್ರೆಡ್ಡನ್ನು ಬದಿಗಿಟ್ಟು ಆದೇಶ ಕಳಿಸಿದ.

ಪರದೆಯ ಮೇಲಂಚಿನಲ್ಲಿ ಸತ್ತು ಮಲಗಿದ್ದ ಗೆರೆ ತಟ್ಟನೆ ಕೆಳಗೆ ಬಂತು. ನಡುಗಿತು. ತೇಲಿತು! ಎಲ್ಲರೂ ಎದ್ದು ನಿಂತರು. ಸ್ವಾಂಟ್ಯೆ ಬಾಯಿಗೆ ಕೈ ಅಡ್ಡ ಹಿಡಿದಳು. ಗೆರೆ ಮೆಲ್ಲಗೆ ಏರಿ ಮತ್ತೆ ಮೇಲಂಚಿಗೆ ಅಂಟಿಕೊಂಡಿತು.

ಇನ್ನೊಂದು ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅಲೋಯಿಸನ ಬೆರಳು ಕೀಲಿಯ ಮೇಲೇ ಇತ್ತು, ಕೇಳಿದ್ದರೆ ಕೊಟ್ಟೇಬಿಡುತ್ತಿದ್ದ. ಆದರೆ ಗ್ಯಾಸು ಮುಗಿದರೆ ಉಪಗ್ರಹ ತಲೆಕೆಳಗಾಗುತ್ತದೆ, ಮುಂದಿನದೂ ಒಂಟಿಯಾಗಿ ಕೆಲಸಕ್ಕೆ ಬಾರದಾಗುತ್ತದೆ. ಅವಳು ಬೇಡವೆಂದು ತಲೆಯಾಡಿಸಿದಳು.

ಮರುಸುತ್ತಿನಲ್ಲಿ ಆರಿಸುವ ಆದೇಶವನ್ನು ತಾನೇ ಕಳಿಸಿದಳು. ಆಮೇಲೆ ಎಂದಿನಂತೆ ಆ ದಿನದ ಗೆರೆಯನ್ನು ಶುಚಿ ಮಾಡಲು ಕೂತಳು. ಅಲೋಯಿಸ್ ಹಿಂದೆ ಬಂದು ನಿಂತ.

"ನನ್ನ ಸೀನು ಅಳಿಸ್ಲಿಲ್ವಾ?"

"ಇವತ್ತು ಅದೊಂದೇ ಕಣೋ ಇರೋದು."