ಫಿಯೆಟ್ಟಿನ ಮೊದಲ ಸ್ಟಾರ್ಟು

ಸಣ್ಣಸ್ವಾಮಿಯ ವರ್ಕ್‌ಶಾಪಿನಲ್ಲಿ ಒಂದು ಕಟ್ಟಳೆ ಇತ್ತು. ರಿಪೇರಿಯಾದ ಗಾಡಿಯನ್ನು ಅದರ ಯಜಮಾನ ಬರುವ ತನಕ ಯಾರೂ ಸ್ಟಾರ್ಟ್ ಮಾಡುವ ಹಾಗಿಲ್ಲ. ಯಜಮಾನ ಬಂದ ಮೇಲೆ ಚಕ್ರದ ಅಡಿಗೆ ನಿಂಬೆಹಣ್ಣಿಟ್ಟು, ಕೆಲಸ ಮಾಡಿದವರೇ ಸೀಟಿನಲ್ಲಿ ಕೂತು ಕೀ ತಿರುಗಿಸಬೇಕು. ಅರಕಲಗೂಡಿನಲ್ಲಿ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹಾಕಿಕೊಟ್ಟ ಪದ್ಧತಿ ಅದು. ಕುಶಾಲನಗರಕ್ಕೆ ಬಂದು ರಸ್ತೆ ಬದಿಯಲ್ಲಿ ಸ್ವಂತ ಶೆಡ್ ಹಾಕಿದ ಮೇಲೂ ಅವನು ಅದನ್ನು ಬಿಟ್ಟಿರಲಿಲ್ಲ. ಗಾಡಿಯವರು ಆ ಸೀಟಿನಲ್ಲಿ ಯಾರನ್ನು ನೋಡುತ್ತಾರೋ ಮುಂದಿನ ಸಲ ಅವರನ್ನೇ ಕೇಳಿಕೊಂಡು ಬರುತ್ತಾರೆ. ಮೆಕ್ಯಾನಿಕ್ ಆಗುವುದು ಅಂದರೆ ಆ ಸೀಟಿನಲ್ಲಿ ಕೂರುವುದು, ಅಷ್ಟೆ.

ಅವನ ಮಗಳು ಅನುಶ್ರೀ ಆ ಸೀಟಿನಲ್ಲಿ ಒಂದು ದಿನವೂ ಕೂತವಳಲ್ಲ.

ಪಿಯುಸಿ ಮುಗಿದಾಗಿನಿಂದ ಅವಳು ಶೆಡ್ಡಿನಲ್ಲೇ ಇದ್ದಳು. ಅಪ್ಪನ ಕೈ ನಡುಗಲು ಶುರುವಾದ ಮೇಲಂತೂ ಸೂಕ್ಷ್ಮದ ಕೆಲಸವೆಲ್ಲ ಅವಳ ಪಾಲಿಗೇ ಬಂತು. ಆದರೆ ಅದು ಹೊರಗೆ ಗೊತ್ತಾಗಬಾರದು. ಶೆಡ್ಡಿನ ಹಿಂಭಾಗಕ್ಕೆ ಒಂದು ನೀಲಿ ಟಾರ್ಪಾಲು ಕಟ್ಟಿತ್ತು. ಸಣ್ಣಸ್ವಾಮಿ ಗಿರಾಕಿಗಳ ಎದುರು ಕಾರ್ಬುರೇಟರ್ ಬಿಚ್ಚಿ, ಗಂಭೀರವಾಗಿ ತಲೆಯಾಡಿಸಿ, ಅದನ್ನು ಹಿಡಿದು ಟಾರ್ಪಾಲಿನ ಹಿಂದೆ ಹೋಗುತ್ತಿದ್ದ. ಹಿಂದೆ ಹೋದ ಸಾಮಾನು ಸರಿಯಾಗಿ ಹೊರಗೆ ಬರುತ್ತಿತ್ತು. ಹೊಗಳಿಕೆ ಮಾತ್ರ ಟಾರ್ಪಾಲು ದಾಟಿ ಒಳಗೆ ಬರುತ್ತಿರಲಿಲ್ಲ.

ಹೀಗಿರುವಾಗ ಸಿದ್ದಾಪುರದ ಕಡೆಯ ಎಸ್ಟೇಟಿನ ಅನಿಲ್‌ಕುಮಾರ್ ತಮ್ಮ ಮಾವನ ಕಾಲದ ಫಿಯೆಟ್ ಕಾರನ್ನು ಪಿಕಪ್ಪಿಗೆ ಕಟ್ಟಿ ಎಳೆಸಿಕೊಂಡು ಬಂದರು. ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಯಾರೋ ಪುಣ್ಯಾತ್ಮ ಅದಕ್ಕೆ ಮೈಸೋಪು ಮೆತ್ತಿ ಕೈ ತೊಳೆದುಕೊಂಡಿದ್ದ.

"ನಮ್ಮ ಫ್ರೆಂಡ್ಸ್ ಹತ್ರ ಇಂಥ ಹಳೇ ಗಾಡಿ ಸುಮಾರು ಇದ್ದಾವೆ ಸಣ್ಣಸ್ವಾಮಿ" ಎಂದರು ಅನಿಲ್‌ಕುಮಾರ್. "ಇದನ್ನ ಯಾರು ಸರಿ ಮಾಡ್ತಾರೋ ಅವರ ಕೈಗೇ ಎಲ್ಲಾ ಕೊಡಿಸ್ತೀನಿ. ಯಾರು ಅಂತ ತೋರಿಸಿ ಸಾಕು."

ಟಾರ್ಪಾಲಿನ ಹಿಂದೆ ಅನುಶ್ರೀಯ ಕಿವಿ ನೆಟ್ಟಗಾಯಿತು. ಅವರು ಹೋದದ್ದೇ ಹೊರಗೆ ಬಂದಳು.

"ಅಪ್ಪ, ಇದನ್ನ ನಾನು ಮಾಡ್ತೀನಿ. ಸ್ಟಾರ್ಟೂ ನಾನೇ ಮಾಡ್ತೀನಿ."

ಸಣ್ಣಸ್ವಾಮಿ ಗಡ್ಡ ಕೆರೆದುಕೊಂಡ. ಮಗಳ ಮುಖ ನೋಡಿದ, ರಸ್ತೆ ನೋಡಿದ.

"ಆಯ್ತು ಬಿಡು ಮಗಾ. ನೀನೇ ಕೂತ್ಕೊಳ್ಳುವಂತೆ. ಮೇಸ್ತ್ರಿ ಮಾತು ಮೀರಕ್ಕಾಯ್ತದಾ."

ಅವಳಿಗೆ ಅಷ್ಟು ಸಾಕಾಗಿತ್ತು. ಕಾರ್ಬುರೇಟರ್ ಒಳಗಿನ ಪುಟ್ಟ ತೊಟ್ಟಿಯಲ್ಲಿ ಟೊಳ್ಳಾದ ಹಿತ್ತಾಳೆ ಡಬ್ಬಿಯೊಂದು ತೇಲುತ್ತಿರುತ್ತದೆ. ಪೆಟ್ರೋಲ್ ಏರಿದ ಹಾಗೆ ಅದೂ ಏರಿ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುತ್ತದೆ. ಶೆಡ್ಡಿನವರು ಅದಕ್ಕೆ ಫ್ಲೋಟು ಅನ್ನುತ್ತಾರೆ. ಅವಳು ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಪೆಟ್ರೋಲ್ ಕುಲುಕಿತು. ಬಿಸಿನೀರಿಗೆ ಅದ್ದಿದಾಗ ಹಳೆಯ ಬೆಸುಗೆಯೊಂದರ ಅಂಚಿನಿಂದ ಸಣ್ಣ ಗುಳ್ಳೆಗಳು ಎದ್ದವು. ಹಿಂದೆ ಯಾರೋ ಅದೇ ತೂತಿಗೆ ಸೀಸವನ್ನು ಧಾರಾಳವಾಗಿ ಸುರಿದಿದ್ದರು. ಭಾರಕ್ಕೆ ಫ್ಲೋಟು ಏಳಲಾರದೆ ಕೂತಿತ್ತು, ಅದಕ್ಕೇ ಪೆಟ್ರೋಲ್ ಉಕ್ಕಿ ಹರಿಯುತ್ತಿತ್ತು. ಒಳಗಿನದನ್ನೆಲ್ಲ ಇಳಿಸಿ, ಆರಿಸಿ, ಆ ಸೀಸದ ಗಂಟನ್ನು ಕೆರೆದು ತೆಗೆದು, ಸಾಸಿವೆ ಕಾಳಿನಷ್ಟು ಬೆಸುಗೆ ಹಾಕಿದಳು. ಆಮೇಲೆ ಎಲ್ಲ ಜೋಡಿಸಿ, ಬೆಂಚಿನ ಮೇಲೆ ಹಳೆಯ ಪೇಪರ್ ಹಾಸಿ, ಮೇಲಿಂದ ಬಾಟಲಿಯಲ್ಲಿ ಪೆಟ್ರೋಲ್ ಬಿಟ್ಟು ಊಟಕ್ಕೆ ಹೋದಳು. ಊಟ ಮುಗಿಸಿ ಬಂದು ನೋಡಿದರೆ ಪೇಪರ್ ಒಣಗಿದ್ದು ಒಣಗಿದ ಹಾಗೇ ಇತ್ತು.

ಸಣ್ಣಸ್ವಾಮಿ ಬಂದು ಪೇಪರ್ ಸವರಿದ, ಬೆರಳು ಮೂಸಿದ, ಏನೂ ಹೇಳದೆ ಹೋದ. ಬಯ್ಯಲಿಲ್ಲ ಅಂದರೆ ಮೆಚ್ಚಿದ ಹಾಗೆ ಅಂತ ಅವಳು ಅರ್ಥ ಮಾಡಿಕೊಂಡಳು. ಹಾಗೆ ಅರ್ಥ ಮಾಡಿಕೊಂಡೇ ಅಷ್ಟು ವರ್ಷ ಕಳೆದಿದ್ದಳು, ಪಾಪ.

ಕಾರು ಒಪ್ಪಿಸುವ ದಿನ ಅನುಶ್ರೀ ಒಗೆದ ಚೂಡಿದಾರ ಹಾಕಿಕೊಂಡು, ಉಗುರ ಸಂದಿಯ ಗ್ರೀಸು ಹೋಗುವ ತನಕ ಕೈ ಉಜ್ಜಿಕೊಂಡು ಬಂದಳು. ನಿಂಬೆಹಣ್ಣನ್ನು ಅವಳೇ ಆರಿಸಿ ತಂದಿದ್ದಳು. ಶೆಡ್ಡಿನ ಮುಂದೆ ತಮ್ಮ ಲೋಹಿತನ ಟೂರಿಸ್ಟ್ ಟ್ಯಾಕ್ಸಿ ನಿಂತಿತ್ತು. ದುಬಾರೆ, ಅಬ್ಬಿ ಅಂತ ಪ್ರವಾಸಿಗರನ್ನು ಸುತ್ತಿಸುವ ಅವನು ಶೆಡ್ಡಿಗೆ ಕಾಲಿಟ್ಟು ತಿಂಗಳುಗಳೇ ಆಗಿದ್ದವು.

"ಏನೋ, ಇವತ್ತು ಬಾಡಿಗೆ ಇಲ್ವಾ?"

"ಇತ್ತು ಕಣಕ್ಕ. ಬಿಟ್ಟು ಬಾ ಅಂತ ಅಪ್ಪ ಫೋನ್ ಮಾಡಿತ್ತು" ಎಂದ ಲೋಹಿತ. ಅವನು ಅಕ್ಕನ ಮುಖ ನೋಡದೆ ಹೇಳಿದ.

ಅಷ್ಟರಲ್ಲಿ ಅನಿಲ್‌ಕುಮಾರ್ ಜೀಪಿನಿಂದ ಇಳಿದರು. ಸಣ್ಣಸ್ವಾಮಿ ಜೇಬಿನಿಂದ ಫಿಯೆಟ್ಟಿನ ಕೀ ತೆಗೆದ. ಅನುಶ್ರೀ ಒಂದು ಹೆಜ್ಜೆ ಮುಂದೆ ಬಂದಿದ್ದಳು, ಕೈಯನ್ನೂ ಚಾಚಿದ್ದಳೇನೋ. ಕೀ ಅವಳನ್ನು ದಾಟಿ ಲೋಹಿತನ ಅಂಗೈಗೆ ಹೋಯಿತು.

"ಇವ್ನು ನನ್ನ ಮಗ ಸಾರ್, ಲೋಹಿತ್. ನಿಮ್ ಗಾಡಿ ಮಾಡಿದ್ದು ಇವ್ನೇ." ಮತ್ತೆ ಅವಳ ಕಡೆ ತಿರುಗದೆ, "ಅನು, ನಿಂಬೆಹಣ್ಣು ಇಡವ್ವ" ಎಂದ.

ಅವಳು ಇಟ್ಟಳು. ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ತಾನೇ ಆರಿಸಿ ತಂದ ಹಣ್ಣನ್ನು ಅದರ ಅಡಿಗೆ ಸರಿಸಿದಳು. ಯಜಮಾನನ ಎದುರಿಗೆ ಅಪ್ಪನ ಮಾನ ತೆಗೆಯುವುದು ಅವಳಿಗೆ ಗೊತ್ತಿರಲಿಲ್ಲ. ಮಗಳ ಮಾನ ಹೋಗುವುದು ಅಪ್ಪನಿಗೆ ಕಾಣುತ್ತಲೂ ಇರಲಿಲ್ಲ.

ಡೀಸೆಲ್ ಗಾಡಿ ಬಿಟ್ಟರೆ ಬೇರೆ ಮುಟ್ಟಿ ಗೊತ್ತಿಲ್ಲದ ಲೋಹಿತ, ಇಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬಿಡುವ ಚೋಕನ್ನು ಪೂರ್ತಿ ಎಳೆದ. ಆಕ್ಸಿಲರೇಟರನ್ನು ಹೊಲಿಗೆ ಮೆಷಿನ್ನಿನ ಮುಂದೆ ಕೂತವನ ಹಾಗೆ ಬಿಡದೆ ತುಳಿಯುತ್ತಾ ಸೆಲ್ಫ್ ಹೊಡೆದ. ಒಂದೊಂದು ತುಳಿತಕ್ಕೂ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮುತ್ತಿತ್ತು.

"ಲೋಹಿತ, ತುಳೀಬೇಡ ಕಣೋ" ಎಂದಳು ಅನುಶ್ರೀ.

"ನೀನು ಸುಮ್ನಿರು" ಎಂದ ಸಣ್ಣಸ್ವಾಮಿ.

ಇಂಜಿನ್ ಕೆಮ್ಮಿ ಸುಮ್ಮನಾಯಿತು. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ತೆರೆದ ಬಾನೆಟ್ಟಿನೊಳಗೆ ಬಗ್ಗಿ ನೋಡಿದ ಅನಿಲ್‌ಕುಮಾರ್, "ಏನ್ರೀ ಇದು, ಮತ್ತೆ ಸೋರ್ತಾ ಇದೆಯಲ್ಲ" ಎಂದರು.

ಸಣ್ಣಸ್ವಾಮಿಯ ಮುಖ ಬಿಳಿಚಿಕೊಂಡಿತು. ಸೋರುತ್ತಿರುವುದು ಬೆಸುಗೆಯಿಂದ ಅಲ್ಲ, ಹುಡುಗನ ಕಾಲಿನಿಂದ ಅಂತ ಅವನಿಗೆ ಗೊತ್ತಿತ್ತು. ಒಣಗಿದ ಪೇಪರನ್ನು ಮುಟ್ಟಿದ ಬೆರಳು ಅವನದ್ದೇ.

"ಅದು ಸಾರ್... ನನ್ನ ಮಗಳು ಮಧ್ಯೆ ಸ್ವಲ್ಪ ಕೈಯಾಡ್ಸಿದ್ಲು. ಬ್ಯಾಡ ಅಂದ್ರೆ ಕೇಳಲ್ಲ ಇವ್ಳು."

ಗಿರಾಕಿಯ ಎದುರು, ಕೆಲಸದ ವಿಷಯದಲ್ಲಿ, ಅಪ್ಪ ಅವಳ ಸುದ್ದಿ ಎತ್ತಿದ್ದು ಅದೇ ಮೊದಲು.

"ಹುಡುಗೀರ ಕೈಗೆ ಇದನ್ನೆಲ್ಲ ಯಾಕ್ರೀ ಕೊಡ್ತೀರಿ" ಎಂದು ಅನಿಲ್‌ಕುಮಾರ್ ನಕ್ಕರು. ಕೆಟ್ಟ ಮನುಷ್ಯರೇನಲ್ಲ, ಅವರಿಗೆ ಹೇಳಿದ್ದನ್ನು ಅವರು ನಂಬಿದರು. ಫೋನ್ ಬಂತೆಂದು ರಸ್ತೆಯ ಕಡೆ ಹೋದರು.

ಸಣ್ಣಸ್ವಾಮಿ ಬಾನೆಟ್ಟಿನ ಒಳಗೆ ಬಗ್ಗಿ, ಉಕ್ಕಿದ ಪೆಟ್ರೋಲನ್ನು ಬಟ್ಟೆಯಿಂದ ಒರೆಸಿದ. ಆಮೇಲೆ ಮಗನಿಗೆ ಪಿಸುಮಾತಿನಲ್ಲಿ, "ಚೋಕ್ ಒಳಿಕ್ ತಳ್ಳು. ಕಾಲು ಒಂದೇ ಸಲ ಪೂರ್ತಿ ಒತ್ತಿ ಹಿಡ್ಕೊ, ಬಿಡಬ್ಯಾಡ. ಈಗ ಹೊಡಿ" ಎಂದ. ಅವಳು ಹೇಳಬೇಕೆಂದಿದ್ದೂ ಅದನ್ನೇ. ಫಿಯೆಟ್ ಒಮ್ಮೆ ಕಪ್ಪು ಹೊಗೆ ಉಗುಳಿ, ನಡುಗಿ, ಸಲೀಸಾಗಿ ಓಡತೊಡಗಿತು. ಕೆಳಗೆ ಒಂದು ತೊಟ್ಟೂ ಬೀಳಲಿಲ್ಲ. ಓಡಿ ಬಂದ ಅನಿಲ್‌ಕುಮಾರ್ ಲೋಹಿತನ ಬೆನ್ನು ತಟ್ಟಿ ಅವನ ನಂಬರ್ ಬರೆದುಕೊಂಡರು. ಲೋಹಿತ ತಲೆ ತಗ್ಗಿಸಿಕೊಂಡೇ ನಂಬರ್ ಹೇಳಿದ. ಕಾರು ಮುಂದಕ್ಕೆ ಹೋಗುವಾಗ ನಿಂಬೆಹಣ್ಣು ಅಪ್ಪಚ್ಚಿಯಾಯಿತು.

ಮುಂದಿನ ವಾರ ಅಮ್ಮತ್ತಿಯಿಂದ ಒಂದು ಹಳೆಯ ಜೀಪು ಬಂತು. ಬಂದವರು ಲೋಹಿತನನ್ನು ಕೇಳಿದರು. ಈಗ ಬರ್ತಾನೆ, ಗಾಡಿ ಬಿಟ್ಟು ಹೋಗಿ ಅಂತ ಸಣ್ಣಸ್ವಾಮಿ ಅವರನ್ನು ಸಾಗಹಾಕಿದ. ಆಮೇಲೆ ಕಾರ್ಬುರೇಟರ್ ಬಿಚ್ಚಿಕೊಂಡು ಟಾರ್ಪಾಲಿನ ಹಿಂದೆ ಬಂದ. ಅನುಶ್ರೀ ಬೆಂಚಿನ ಮುಂದೆ ಕೈಕಟ್ಟಿ ಕೂತಿದ್ದಳು.

"ಅವತ್ತು ನಿನ್ನ ಬೆಸುಗೆ ಬಾಳ ಚೆನ್ನಾಗಿತ್ತು ಮಗಾ" ಎಂದ ಮೆತ್ತಗೆ.

"ಯಾರಿಗೆ ಹೇಳ್ತಿದ್ದೀಯಪ್ಪ? ಇಲ್ಲಿ ಯಾರೂ ಇಲ್ವಲ್ಲ."

"ಸಿಟ್ಟು ಮಾಡ್ಕೋಬ್ಯಾಡ. ನಾಳೆ ಶೆಡ್ಡು ಅವ್ನ ಹೆಸರಲ್ಲಿ ನಡೀಬೇಕಲ್ವಾ. ನೀನು ಹೆಂಗೂ ಇಲ್ಲೇ ಇರ್ತೀಯ." ಅವನು ಕಾರ್ಬುರೇಟರನ್ನು ಅವಳತ್ತ ಚಾಚಿದ.

"ಫಿಯೆಟ್ ಮಾಡಿದವನಿಗೇ ಕೊಡು" ಎಂದಳು ಅನುಶ್ರೀ. "ಮೇಸ್ತ್ರಿ ಮಾತು ಮೀರಕ್ಕಾಗಲ್ಲ."

ಸಣ್ಣಸ್ವಾಮಿ ಕೈ ಚಾಚಿಕೊಂಡೇ ನಿಂತ. ಆ ಕೈ ನಡುಗುತ್ತಿತ್ತು. ಸಡಿಲವಾಗಿದ್ದ ಸಣ್ಣ ಸ್ಕ್ರೂ ಒಂದು ಜಾರಿ ಬಿದ್ದು, ಉರುಳಿ, ಅವಳ ಪಾದದ ಹತ್ತಿರ ನಿಂತಿತು. ಅವನು ಬಗ್ಗಿ ನೆಲ ಸವರಿದ. ಬೆರಳಿಗೆ ಸಿಕ್ಕಿದ್ದು ಮತ್ತೆ ಜಾರಿತು, ಮತ್ತೆ ಸವರಿದ.

ಅವಳು ಕಟ್ಟಿದ ಕೈ ಬಿಚ್ಚಲಿಲ್ಲ.